ಸೊಂಟಕ್ಕೊಂದು ಪಿಸ್ತೂಲು ಆರಿಸುವಾಗ

ಟೆಕ್ಸಾಸಿನ ಬಂದೂಕಿನ ಅಂಗಡಿಗೆ ಹೆಂಗಸೊಬ್ಬಳು ಹೋಗಿ "ದಿನಾ ಜೊತೆಗೆ ಇಟ್ಟುಕೊಳ್ಳೋಕೆ ಒಂದು ಬೇಕು" ಅಂದರೆ, ಗಾಜಿನ ಕಪಾಟಿನಿಂದ ಮೊದಲು ಹೊರಬರುವುದು ಹೆಚ್ಚಾಗಿ ಪುಟ್ಟದೊಂದು ರಿವಾಲ್ವರ್. ಐದು ಗುಂಡಿನದು, ಅಂಗೈಯಲ್ಲಿ ಕೂರುವಂಥದು, ನಾನೂರು ಚಿಲ್ಲರೆ ಗ್ರಾಂ ತೂಕ. ಹಿಡಿಯ ಬಣ್ಣ ಕೆಲವೊಮ್ಮೆ ಗುಲಾಬಿ. "ಹಗುರ ಇದೆ, ಸ್ಲೈಡ್ ಎಳೆಯೋ ತಾಪತ್ರಯ ಇಲ್ಲ, ಟ್ರಿಗರ್ ಒತ್ತಿದರೆ ಆಯಿತು" ಅನ್ನುತ್ತಾರೆ. (ಸ್ಲೈಡ್ ಅಂದರೆ ಪಿಸ್ತೂಲಿನ ಮೇಲ್ಭಾಗದಲ್ಲಿ ಜಾರುವ ಲೋಹದ ಭಾಗ, ಅದನ್ನು ಹಿಂದಕ್ಕೆಳೆದು ಬಿಟ್ಟರೆ ಗುಂಡು ನಳಿಗೆಗೆ ಬರುತ್ತದೆ.) ಕೇಳಲು ಹಿತವಾಗಿರುವ ಈ ಸಲಹೆ ಹೊಸಬರ ಮಟ್ಟಿಗೆ ಬಹುತೇಕ ತಪ್ಪು. ಅದು ಯಾಕೆ ತಪ್ಪು, ಹಾಗಾದರೆ ಆರಿಸುವುದು ಹೇಗೆ ಅನ್ನುವುದನ್ನು ಕನ್ನಡದಲ್ಲಿ ಒಮ್ಮೆ ಪೂರ್ತಿಯಾಗಿ ಬರೆದಿಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಇಲ್ಲಿನ ನಮ್ಮ ಹೆಣ್ಣುಮಕ್ಕಳು ಈಗ ಈ ಪ್ರಶ್ನೆ ಕೇಳುತ್ತಿದ್ದಾರೆ, ಉತ್ತರವನ್ನು ಅಂಗಡಿಯವರ ಬಾಯಿಂದಲೇ ಪಡೆಯುತ್ತಿದ್ದಾರೆ.

ಡಲ್ಲಾಸಿನ ಉತ್ತರಕ್ಕಿರುವ ಫ್ರಿಸ್ಕೊ, ಪ್ಲೇನೊ, ಮೆಕಿನಿ ಊರುಗಳಲ್ಲಿ ಮನೆ ಕೊಡಿಸುವ, ಮಾರಿಸುವ ಕೆಲಸ ನನ್ನದು. ಫೋನಿನಲ್ಲಷ್ಟೇ ಮಾತಾಡಿದ ಒಬ್ಬರ ಜೊತೆ ಖಾಲಿ ಮನೆಯೊಳಗೆ ಒಬ್ಬಳೇ ಹೋಗಬೇಕಾಗುತ್ತದೆ. ಬಾಗಿಲ ಮೇಲೆ ನನ್ನ ಫೋಟೊ, ನಂಬರ್ ಇರುವ ಫಲಕ ತೂಗುತ್ತಿರುತ್ತದೆ. ರಿಯಲ್ಟರ್‌ಗಳ ರಾಷ್ಟ್ರೀಯ ಸಂಘದವರು ಪ್ರತಿ ಸೆಪ್ಟೆಂಬರನ್ನು ಸುರಕ್ಷತೆಯ ತಿಂಗಳೆಂದು ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. ಮೊದಲ ಭೇಟಿ ಆಫೀಸಿನಲ್ಲೇ ಆಗಬೇಕು, ಬಂದವರ ಗುರುತಿನ ಚೀಟಿಯ ಫೋಟೊ ಸಹೋದ್ಯೋಗಿಗೆ ಹೋಗಬೇಕು, ಕಾರನ್ನು ಮನೆಯಂಗಳದಲ್ಲಿ ನಿಲ್ಲಿಸದೆ ರಸ್ತೆಯಲ್ಲೇ ನಿಲ್ಲಿಸಬೇಕು, ಕೋಣೆಗೆ ಗಿರಾಕಿ ಮುಂದೆ ಹೋಗಬೇಕು, ನಾವು ಬಾಗಿಲ ಬಳಿ ನಿಲ್ಲಬೇಕು. ಪಿಸ್ತೂಲಿನ ಮಾತು ಇದೆಲ್ಲ ಆದ ಮೇಲೆ. ಇದ್ಯಾವುದನ್ನೂ ಮಾಡದೆ ಪಿಸ್ತೂಲು ಮಾತ್ರ ಕೊಂಡವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ.

ಕಾನೂನಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತಿಲ್ಲ. ಎಚ್-1ಬಿ, ಎಚ್-4, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವೇ ವಿನಾಯಿತಿಗಳಿವೆ. ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಬಾಡಿಗೆಗೆ ಪಡೆದು ಗುಂಡು ಹಾರಿಸುವುದೂ "ಇಟ್ಟುಕೊಳ್ಳುವುದ"ರೊಳಗೇ ಬರುತ್ತದೆ. ಟೆಕ್ಸಾಸಿನ ಸ್ನೇಹಿತರು "ಬಾರೋ, ಒಂದೆರಡು ಹೊಡಿ" ಅಂತ ಕರೆದರೆ ಹೋಗುವ ಮುನ್ನ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಬಂದವರಿಗೆ, ನಾಗರಿಕರಾದವರಿಗೆ ಈ ತಡೆ ಇಲ್ಲ.

ಟೆಕ್ಸಾಸಿನಲ್ಲಿ ಪಿಸ್ತೂಲನ್ನು ಬಚ್ಚಿಟ್ಟುಕೊಂಡು ಓಡಾಡುವ ಹಕ್ಕು ಮೊದಲಿನಿಂದ ಇದ್ದದ್ದಲ್ಲ. 1991ರ ಅಕ್ಟೋಬರ್ 16ರಂದು ಕಿಲೀನ್ ಊರಿನ ಲೂಬಿಸ್ ಹೋಟೆಲಿಗೆ ಒಬ್ಬ ಪಿಕಪ್ ಗಾಡಿ ನುಗ್ಗಿಸಿ 23 ಜನರನ್ನು ಕೊಂದ. ಅಲ್ಲಿ ತಂದೆ ತಾಯಿ ಇಬ್ಬರನ್ನೂ ಕಣ್ಣೆದುರೇ ಕಳೆದುಕೊಂಡವರು ಸುಝನ್ನಾ ಹಪ್. ಆಗಿನ ಕಾನೂನಿಗೆ ಅಂಜಿ ಅವರು ತಮ್ಮ ರಿವಾಲ್ವರನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು. ಅವರಂಥವರ ಸಾಕ್ಷ್ಯದ ಬಲದಿಂದ 1995ರಲ್ಲಿ ಲೈಸೆನ್ಸಿನ ಕಾನೂನು ಬಂತು. 2021ರ ಸೆಪ್ಟೆಂಬರಿನಿಂದ 21 ದಾಟಿದ, ಕಾನೂನಿನ ತಡೆಯಿಲ್ಲದ ಯಾರಿಗೂ ಆ ಲೈಸೆನ್ಸೂ ಬೇಕಿಲ್ಲ. ಆದರೂ ನಾನು ಲೈಸೆನ್ಸ್ ತೆಗೆದುಕೊಂಡೆ. ಶಾಲೆಯ ಸುತ್ತ ಸಾವಿರ ಅಡಿಯೊಳಗೆ ಬಂದೂಕು ಒಯ್ಯುವುದನ್ನು ಕೇಂದ್ರ ಕಾನೂನು ತಡೆಯುತ್ತದೆ, ರಾಜ್ಯದ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ಮನೆ ಮಾರುವವಳು ದಿನಕ್ಕೆ ಎಷ್ಟು ಶಾಲೆಗಳ ಮುಂದೆ ಹಾದುಹೋಗುತ್ತಾಳೆ ಯೋಚಿಸಿ.

ಲೈಸೆನ್ಸಿನ ಪರೀಕ್ಷೆ ಕಷ್ಟದ್ದಲ್ಲ. ಒಟ್ಟು 50 ಗುಂಡು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಗುರಿಹಲಗೆಯ ಮೇಲಿನ ಮನುಷ್ಯಾಕೃತಿ ಎಷ್ಟು ಅಗಲವಿದೆಯೆಂದರೆ, ಇದನ್ನು ಪಾಸಾದ ಮಾತ್ರಕ್ಕೆ ಪಿಸ್ತೂಲು ಹೊಡೆಯಲು ಬರುತ್ತದೆ ಅಂದುಕೊಳ್ಳುವುದು ಅಪಾಯ.

ಇನ್ನು ಆ ಪುಟ್ಟ ರಿವಾಲ್ವರಿನ ಕಥೆಗೆ ಬರೋಣ. ಜೆ-ಫ್ರೇಮ್ ಅಂತ ಕರೆಯುವ ಗಾತ್ರದ್ದು ಅದು, .38 ಸ್ಪೆಷಲ್ ಗುಂಡಿನದು. ಗುಂಡು ಮುಂದಕ್ಕೆ ಹೋಗುವ ರಭಸಕ್ಕೆ ತಕ್ಕ ಹಾಗೆ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಗುಂಡು ಅದೇ ಇದ್ದು ಪಿಸ್ತೂಲಿನ ತೂಕ ಅರ್ಧವಾದರೆ, ಅದು ಹಿಂದೆ ಬರುವ ವೇಗ ಎರಡರಷ್ಟಾಗುತ್ತದೆ, ಕೈಗೆ ತಗಲುವ ಶಕ್ತಿಯೂ ಹತ್ತಿರ ಹತ್ತಿರ ಎರಡರಷ್ಟು. ಅಂಗಡಿಯಲ್ಲಿ ಹಿತವೆನಿಸಿದ ಹಗುರತನವೇ ರೇಂಜಿನಲ್ಲಿ ಅಂಗೈ ಉರಿಸುತ್ತದೆ. ಟ್ರಿಗರ್ ಒತ್ತಲು ಐದು ಕಿಲೋ ಮೀರಿದ ಬಲ ಬೇಕು, ಪಿಸ್ತೂಲಿನ ತೂಕದ ಹತ್ತರಷ್ಟಕ್ಕೂ ಹೆಚ್ಚು. ಅಷ್ಟು ಒತ್ತುವಾಗ ಹಗುರವಾದ ಆ ವಸ್ತು ಅಲುಗದೆ ಇರಬೇಕಾದರೆ ವರ್ಷಗಳ ಅಭ್ಯಾಸ ಬೇಕು. ನಳಿಗೆ ಎರಡು ಇಂಚಿಗಿಂತ ಚೂರು ಕಮ್ಮಿ. ಗುರಿ ನೋಡಲು ಹಿಂಬದಿಯಲ್ಲಿ ಇರುವುದು ಮೇಲೆ ಕೊರೆದ ಒಂದು ಗೀರು ಮಾತ್ರ. ಕೈಯಲ್ಲಿ ಪಳಗಿದವರು ಇದನ್ನು ಅದ್ಭುತವಾಗಿ ಹೊಡೆಯುತ್ತಾರೆ, ಅವರ ಮಟ್ಟಿಗೆ ಇದು ಒಳ್ಳೆಯ ಆಯುಧ. ಅದನ್ನು ಮೊದಲ ಸಲ ಕೊಳ್ಳುವವಳ ಕೈಗೆ ಕೊಟ್ಟರೆ ನಾಲ್ಕು ಸುತ್ತು ಹೊಡೆದು, ನೋವಾಯಿತೆಂದು ಡ್ರಾಯರಿನಲ್ಲಿ ಇಡುತ್ತಾಳೆ. ಅಭ್ಯಾಸ ಅಲ್ಲಿಗೆ ನಿಂತಿತು.

ಇದು ಅಮೆರಿಕದ ಅಂಗಡಿಯವರ ಯೋಚನೆ ಮಾತ್ರ ಅಲ್ಲ. 2014ರಲ್ಲಿ ಕಾನ್ಪುರದ ಆರ್ಡ್ನೆನ್ಸ್ ಫ್ಯಾಕ್ಟರಿ "ನಿರ್ಭೀಕ್" ಹೆಸರಿನ .32 ರಿವಾಲ್ವರ್ ಹೊರತಂದಾಗಲೂ ಅದನ್ನು ಹೆಂಗಸರಿಗೆ ಹೇಳಿ ಮಾಡಿಸಿದ್ದು ಅಂತ ಪ್ರಚಾರ ಮಾಡಿದರು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ಬೆಲೆ ಲಕ್ಷದ ಇಪ್ಪತ್ತು ಸಾವಿರದ ಮೇಲೆ. ಹಗುರವಾಗಿದ್ದರೆ ಹೆಂಗಸರಿಗೆ ಸುಲಭ ಅನ್ನುವ ಅದೇ ನಂಬಿಕೆ. ಹೆಂಗಸಿಗೆ ಬೇಕಾದದ್ದು ಹಗುರದ ಆಯುಧವಲ್ಲ, ತನ್ನ ಕೈಯಲ್ಲಿ ನಿಲ್ಲುವ ಆಯುಧ. ಇವೆರಡೂ ಅನೇಕ ಸಲ ಒಂದಕ್ಕೊಂದು ವಿರುದ್ಧ.

ಪ್ರತಿ ಹೊಡೆತದ ನಂತರ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ಪಿಸ್ತೂಲಿನಲ್ಲೂ ಇದೇ ತೊಡಕು ಬೇರೆ ರೂಪದಲ್ಲಿದೆ. ಪಿಸ್ತೂಲು ಚಿಕ್ಕದಾದಷ್ಟೂ ಸ್ಲೈಡ್ ಹಗುರವಾಗುತ್ತದೆ, ಅದು ಹಿಂದೆ ಸರಿಯುವ ದೂರವೂ ಕಮ್ಮಿಯಾಗುತ್ತದೆ, ಆದ್ದರಿಂದ ಒಳಗಿನ ಸ್ಪ್ರಿಂಗ್ ಬಿಗಿಯಾಗಿರಬೇಕಾಗುತ್ತದೆ. ಹಾಗಾಗಿ ಪುಟಾಣಿ ಪಿಸ್ತೂಲಿನ ಸ್ಲೈಡ್ ಎಳೆಯುವುದೇ ದೊಡ್ಡದಕ್ಕಿಂತ ಕಷ್ಟ. "ನನಗೆ ಸ್ಲೈಡ್ ಎಳೆಯೋಕಾಗಲ್ಲ" ಅನ್ನುವವರ ಕೈಗೆ ಇನ್ನೂ ಚಿಕ್ಕದನ್ನು ಕೊಡುತ್ತಾರೆ, ಅಲ್ಲೇ ಎಡವಟ್ಟು. ಬಹುಪಾಲು ಜನರಿಗೆ ಕೊರತೆ ಇರುವುದು ಬಲದ್ದಲ್ಲ, ರೀತಿಯದು. ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಗೆ ಗುರಿಯ ಕಡೆಗೇ ಇಟ್ಟು, ಎಡಗೈಯ ಇಡೀ ಮುಷ್ಟಿಯಿಂದ ಸ್ಲೈಡನ್ನು ಮೇಲಿಂದ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕಬೇಕು. ಎರಡು ಬೆರಳಿನಿಂದ ಚಿವುಟಿ ಎಳೆದರೆ ಯಾರ ಕೈಯಲ್ಲೂ ಬರುವುದಿಲ್ಲ. ಸಂಧಿವಾತ ಇರುವವರಿಗೆ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಈಝಿಯಂಥವು ಇವೆ. ಅದರ ಸ್ಲೈಡ್ ಸಲೀಸಾಗಿ ಬರುವಂತೆಯೇ ಮಾಡಿದ್ದು. ಹಿಡಿಯ ಹಿಂಬದಿಯಲ್ಲೊಂದು ಸುರಕ್ಷಾ ಕೀಲಿ ಇದೆ, ಪೂರ್ತಿ ಮುಷ್ಟಿ ಬಿಗಿದರೆ ಮಾತ್ರ ಗುಂಡು ಹಾರುತ್ತದೆ. ಅದು ಕೆಲವರಿಗೆ ಧೈರ್ಯ ಕೊಡುತ್ತದೆ. ಅರೆಬರೆ ಹಿಡಿತದಲ್ಲೂ ಹೊಡೆಯಬೇಕಾಗಿ ಬರಬಹುದು ಅನ್ನುವ ನನಗೆ ಆ ಹೆಚ್ಚಿನ ಷರತ್ತು ಬೇಡವೆನಿಸಿತು.

ಬಾಡಿಗೆಗೆ ಕೊಡುವ ರೇಂಜಿನಲ್ಲಿ ನಾನು ಮುಖ್ಯವಾಗಿ ಹೋಲಿಸಿದ್ದು ಮೂರನ್ನು. ಗ್ಲಾಕ್ 19: 1988ರಿಂದ ಇರುವ, ಪೊಲೀಸರೂ ಜನರೂ ಒಪ್ಪಿದ ಗಾತ್ರ. ನಾಲ್ಕು ಇಂಚಿನ ನಳಿಗೆ, 15 ಗುಂಡು, ತುಂಬಿದರೆ 850 ಗ್ರಾಂ ಆಸುಪಾಸು. ಸಿಗ್ ಪಿ365: 2018ರಲ್ಲಿ ಬಂದದ್ದು, ಅಷ್ಟು ಸಣ್ಣ ಮೈಯಲ್ಲಿ ಹತ್ತು ಗುಂಡು ಹಿಡಿಸಿ ಇಡೀ ಮಾರುಕಟ್ಟೆಯ ಲೆಕ್ಕಾಚಾರ ಬದಲಿಸಿತು. ಅದಕ್ಕೂ ಮುಂಚೆ ಆ ಗಾತ್ರದವಕ್ಕೆ ಆರೇಳು ಗುಂಡು ಬಂದರೆ ಹೆಚ್ಚು. ಮೂರನೆಯದು ಅದೇ ಬಳಗದ ಪಿ365 ಎಕ್ಸ್ಎಲ್, ನಳಿಗೆ 3.7 ಇಂಚು, ಹಿಡಿ ಕೊಂಚ ಉದ್ದ, 12 ಗುಂಡು.

ಗ್ಲಾಕ್ 19 ನನ್ನ ಕೈಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಓಡಿತು. ಮನೆಯಲ್ಲಿ ಇಡುವುದಾದರೆ ಇನ್ನೊಂದನ್ನು ನೋಡುವುದೇ ಬೇಡ. ಆದರೆ ಅದನ್ನು ಕುರ್ತಾದ ಕೆಳಗೆ ಸಿಕ್ಕಿಸಿಕೊಂಡು ಕಾರಿನಲ್ಲಿ ಕೂತೆದ್ದರೆ ಬಟ್ಟೆಯ ಮೇಲೆ ಅಚ್ಚು ಮೂಡುತ್ತಿತ್ತು. ಇಲ್ಲೊಂದು ಸೂಕ್ಷ್ಮ ಇದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಳಿಗೆ ಸೊಂಟಪಟ್ಟಿಯ ಕೆಳಗೆ ಒಳಗೆ ಹೋಗಿಬಿಡುತ್ತದೆ, ಅದು ಒಂದಿಂಚು ಉದ್ದವಿದ್ದರೂ ಯಾರಿಗೂ ಕಾಣದು. ಹೊರಗೆ ಚಾಚಿ ಗುಟ್ಟು ರಟ್ಟು ಮಾಡುವುದು ಹಿಡಿ. ನಳಿಗೆ ಉದ್ದವಿದ್ದರೆ ಗುರಿಗೂ ಒಳ್ಳೆಯದು, ಒದೆತಕ್ಕೂ ಒಳ್ಳೆಯದು. ಹಾಗಾಗಿ ಚಿಕ್ಕದು ಬೇಕೆಂದರೆ ಹಿಡಿಯಲ್ಲಿ ಚಿಕ್ಕದನ್ನು ನೋಡಬೇಕು, ಅದೂ ಕಿರುಬೆರಳು ಜಾರಿಹೋಗದಷ್ಟು ಚಿಕ್ಕದು. ಮೂಲ ಪಿ365ರಲ್ಲಿ ನನ್ನ ಕಿರುಬೆರಳು ಅಂಚಿನಲ್ಲಿ ತೂಗಾಡಿತು. ಎಕ್ಸ್ಎಲ್‌ನಲ್ಲಿ ನೆಟ್ಟಗೆ ಕೂತಿತು. ಇದು ನನ್ನ ಕೈಯ ಅಳತೆ, ನಿಮ್ಮದು ಬೇರೆ ಇರುತ್ತದೆ.

ಆರಿಸಲು ನನಗೆ ನಿಜವಾಗಿ ನೆರವಾದದ್ದು ಒಂದು ಸರಳ ಪರೀಕ್ಷೆ. ಗೀಲಾ ಹೇಯ್ಸ್ ಅನ್ನುವ ತರಬೇತುದಾರ್ತಿಯ ಹೆಸರಿನಲ್ಲಿ ಇದು ಪ್ರಸಿದ್ಧ. ಐದು ಗಜ ದೂರ, ಐದು ಇಂಚಿನ ವೃತ್ತ, ಐದು ಸೆಕೆಂಡಿನಲ್ಲಿ ಐದು ಗುಂಡು. ಇದನ್ನೇ ಐದು ಸಲ. ಯಾವ ಪಿಸ್ತೂಲಿನಲ್ಲಿ, ಯಾವ ಗುಂಡಿನಲ್ಲಿ ಇದನ್ನು ಮತ್ತೆ ಮತ್ತೆ ಮಾಡಬಲ್ಲಿರೋ ಅದು ನಿಮ್ಮದು. ದೊಡ್ಡ ಗುಂಡು ಬೇಕೆಂಬ ಹಟ ಇಲ್ಲಿ ತಾನಾಗಿ ಇಳಿಯುತ್ತದೆ. ಮೊದಲ ಗುಂಡು ಎಲ್ಲಾದರೂ ಬೀಳಲಿ, ಐದನೆಯದು ಎಲ್ಲಿ ಬಿತ್ತು ನೋಡಿ. ಪಿಸ್ತೂಲು ನಿಮ್ಮ ಹತೋಟಿಯಲ್ಲಿತ್ತೋ ಇಲ್ಲವೋ ಎಂದು ಅದು ಹೇಳುತ್ತದೆ.

ಗುಂಡಿನ ಗಾತ್ರದ ಜಗಳ ಅಮೆರಿಕದಲ್ಲಿ ಮೂವತ್ತು ವರ್ಷ ನಡೆಯಿತು. 1986ರ ಏಪ್ರಿಲಿನಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ಎಫ್‌ಬಿಐ ಇಬ್ಬರು ಏಜೆಂಟರನ್ನು ಕಳೆದುಕೊಂಡ ಮೇಲೆ 9 ಎಂಎಂ ಸಾಲದು ಅನ್ನುವ ಮಾತು ಬಂತು. 10 ಎಂಎಂ ಬಂತು, ಆಮೇಲೆ .40 ಬಂತು. ಕೊನೆಗೆ ಎಫ್‌ಬಿಐ ಮರಳಿ 9 ಎಂಎಂಗೇ ಬಂದು ನಿಂತಿತು. ನಡುವೆ ಗುಂಡಿನ ತಯಾರಿಕೆ ಸುಧಾರಿಸಿತ್ತು, 9 ಎಂಎಂ ಹೊಡೆದವರ ಗುರಿಯೂ ಚೆನ್ನಾಗಿತ್ತು. ಮಾಂಸದ ಬದಲು ಪರೀಕ್ಷೆಗೆ ಬಳಸುವ ಜಿಲೆಟಿನ್ ಗಡ್ಡೆಯೊಳಗೆ ಗುಂಡು 12ರಿಂದ 18 ಇಂಚು ಹೋಗಬೇಕೆನ್ನುವ ಅವರ ಅಳತೆಯನ್ನೇ ಈಗ ಎಲ್ಲರೂ ಬಳಸುತ್ತಾರೆ. ಜೊತೆಗೆ ಒಯ್ಯಲು ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ತೋಟಾ ಬೇಕು. ಅದು ಮೈಯೊಳಗೆ ಅರಳಿ ನಿಲ್ಲುತ್ತದೆ, ಆಚೆ ಗೋಡೆಯ ಹಿಂದಿನವರನ್ನು ತಲುಪುವ ಅಪಾಯ ಕಮ್ಮಿ. ಗಿಡ್ಡ ನಳಿಗೆಯಲ್ಲಿ ವೇಗ ತಗ್ಗುವುದರಿಂದ ಗಿಡ್ಡ ನಳಿಗೆಗೆಂದೇ ತಯಾರಾದದ್ದನ್ನು ಕೊಳ್ಳುವುದು ಲೇಸು.

ಆಮೇಲೆ ನಂಬಿಕೆಯ ಪರೀಕ್ಷೆ. ಹೊಸ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂತಿಲ್ಲ. ಅಭ್ಯಾಸದ ಅಗ್ಗದ ತೋಟಾ ಹಲವು ನೂರು ಹೊಡೆದೆ, ನಂತರ ನಿಜಕ್ಕೂ ಒಯ್ಯುವ ತೋಟಾದ ಪೆಟ್ಟಿಗೆಗಳನ್ನು ಖರ್ಚು ನೋಡದೆ ಖಾಲಿ ಮಾಡಿದೆ. ಒಂದು ಜಾತಿಯ ತೋಟಾ ಸಲೀಸಾಗಿ ನುಂಗುವ ಪಿಸ್ತೂಲು ಇನ್ನೊಂದಕ್ಕೆ ಕೆಮ್ಮಬಹುದು. ಗುಂಡು ತುಂಬಿ ಹಿಡಿಯೊಳಗೆ ಸೇರಿಸುವ ಪ್ರತಿ ಮ್ಯಾಗಝೀನಿನ ತಳಕ್ಕೂ ಬಣ್ಣದಲ್ಲಿ ನಂಬರ್ ಬರೆಯಬೇಕು, ಸಿಕ್ಕಿಕೊಂಡರೆ ದೋಷ ಯಾವುದರದು ಅಂತ ತಿಳಿಯಲು. ಬಲಗೈ ಒಂದರಲ್ಲೇ, ಎಡಗೈ ಒಂದರಲ್ಲೇ ಹೊಡೆದು ನೋಡಬೇಕು, ಏಕೆಂದರೆ ಮಣಿಕಟ್ಟು ಸಡಿಲವಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಹಾರಿದ ಗುಂಡಿನ ಖಾಲಿ ಕೋಶ ಹೊರಬೀಳದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲಸದ ದಿನ ಇನ್ನೊಂದು ಕೈಯಲ್ಲಿ ಬೀಗದ ಕೈಯೋ ಫೋನೋ ಇದ್ದೇ ಇರುತ್ತದೆ. ರೇಂಜಿನಿಂದ ಬಂದ ಮೇಲೆ ಸೀಸದ ಪುಡಿ ಹೋಗುವಂತೆ ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆಯಬೇಕು, ಬಟ್ಟೆ ಬೇರೆ ಒಗೆಯಬೇಕು. ಬಸುರಿಯರು ರೇಂಜಿಗೆ ಹೋಗುವುದೇ ಬೇಡ.

ಅತಿ ಹೆಚ್ಚು ಯೋಚನೆ ಬೇಕಾದದ್ದು ಹೋಲ್ಸ್ಟರಿಗೆ, ಅಂದರೆ ಪಿಸ್ತೂಲಿನ ಒರೆಗೆ. ಟ್ರಿಗರನ್ನು ಪೂರ್ತಿ ಮುಚ್ಚುವ, ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದೇ ಆಗಬೇಕು. ಹೆಂಗಸರ ಬಟ್ಟೆಗೆ ಬೆಲ್ಟ್ ಇರುವುದಿಲ್ಲ, ಆದ್ದರಿಂದ ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಕೊಳ್ಳಿ ಅನ್ನುತ್ತಾರೆ. ಬರೀ ಬಟ್ಟೆಯ ಪಟ್ಟಿಯಲ್ಲಿ ಟ್ರಿಗರಿಗೆ ರಕ್ಷಣೆ ಇಲ್ಲ. ಒಳಗೆ ಗಟ್ಟಿ ಕವಚ ಇದ್ದರೆ ಮಾತ್ರ ಒಪ್ಪಬಹುದು. ನಾನು ಪ್ಯಾಂಟಿಗೆ ಗಟ್ಟಿ ಬೆಲ್ಟ್ ಹಾಕಿ ಮೇಲೆ ಸಡಿಲ ಕುರ್ತಾ ತೊಡುತ್ತೇನೆ. ಸಲ್ವಾರಿನ ಲಾಡಿ, ದುಪಟ್ಟಾದ ತುದಿ, ಜಾಕೆಟಿನ ದಾರ ಇವೆಲ್ಲ ಪಿಸ್ತೂಲನ್ನು ಮರಳಿ ಒಳಗಿಡುವಾಗ ಟ್ರಿಗರಿಗೆ ಸಿಕ್ಕಿಕೊಳ್ಳಬಲ್ಲವು. ಹೊರತೆಗೆಯುವಾಗ ಅವಸರ ಇರಬಹುದು, ಒಳಗಿಡುವಾಗ ಯಾವ ಅವಸರವೂ ಇಲ್ಲ. ಕಣ್ಣಿಂದ ನೋಡಿ, ಬಟ್ಟೆ ಸರಿಸಿ, ನಿಧಾನಕ್ಕೆ ಇಡಬೇಕು. ಸೀರೆ ಉಟ್ಟ ದಿನ ನಾನು ಪಿಸ್ತೂಲು ಒಯ್ಯುವುದಿಲ್ಲ.

ವ್ಯಾನಿಟಿ ಬ್ಯಾಗಿನಲ್ಲಿ ಇಡುವ ಮಾತೇ ಬೇಡ. ಬ್ಯಾಗನ್ನು ನಾವು ಕುರ್ಚಿಗೆ ತೂಗುಹಾಕುತ್ತೇವೆ, ಕಾರ್ಟಿನಲ್ಲಿ ಬಿಡುತ್ತೇವೆ, ಮಕ್ಕಳು "ಅಮ್ಮ, ಚಾಕಲೇಟ್" ಅಂತ ಕೈಹಾಕುತ್ತಾರೆ. 2014ರ ಡಿಸೆಂಬರಿನ ಕೊನೆಯಲ್ಲಿ ಐಡಹೊ ರಾಜ್ಯದ ವಾಲ್‌ಮಾರ್ಟ್ ಒಂದರಲ್ಲಿ ಎರಡು ವರ್ಷದ ಮಗು ತಾಯಿಯ ಪರ್ಸಿನೊಳಗೆ ಕೈಹಾಕಿತು. ಗುಂಡು ಹಾರಿ ತಾಯಿ ಅಲ್ಲೇ ಸತ್ತರು. ಪರ್ಸು ಪಿಸ್ತೂಲಿಗೆಂದೇ ಮಾಡಿದ್ದಾಗಿತ್ತು. ಇದನ್ನು ಓದಿದ ಮೇಲೂ ಪರ್ಸೇ ಸಾಕು ಅನ್ನುವವರೊಂದಿಗೆ ನನಗೆ ವಾದ ಮಾಡುವ ಶಕ್ತಿಯಿಲ್ಲ.

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ ಮನೆಯಲ್ಲಿ. ನಮ್ಮಲ್ಲಿ ಕೋವಿಗೆ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್ ಮುಹೂರ್ತದ ದಿನ ಕೋವಿಯನ್ನು ಒರೆಸಿ, ತೋಕ್ ಹೂ ಸಿಕ್ಕಿಸಿ, ಪೂಜೆ ಮಾಡಿ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಈಡು ಹೊಡೆಯುತ್ತಾರೆ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಅಲ್ಲಿ ಕೋವಿ ಎಲ್ಲರಿಗೂ ಕಾಣುವ, ಎಲ್ಲರಿಗೂ ಕೇಳುವ, ಇಡೀ ಮನೆಗೆ ಸೇರಿದ ವಸ್ತು. ಪಿಸ್ತೂಲಿನ ಸುದ್ದಿ ಹೇಳಿದಾಗ ಅವ್ವ ಫೋನಿನಲ್ಲಿ ಕೇಳಿದರು, "ಕಾಣಿಸಿದ್ರೆ ತಾನೇ ಎದುರಿನವ್ರು ಹೆದರೋದು? ಬಚ್ಚಿಟ್ಕೊಂಡು ಏನ್ ಪ್ರಯೋಜನ?"

ಒಳ್ಳೆಯ ಪ್ರಶ್ನೆ. ಟೆಕ್ಸಾಸಿನಲ್ಲಿ ಸೊಂಟಕ್ಕೆ ಕಾಣುವಂತೆ ಕಟ್ಟಿಕೊಂಡು ಓಡಾಡಲೂ ಅವಕಾಶವಿದೆ. ಆದರೆ ನನ್ನ ಗಿರಾಕಿಗಳಲ್ಲಿ ನೂರಕ್ಕೆ ನೂರು ಜನ ಮನೆ ಹುಡುಕುವ ಸಂಸಾರಸ್ಥರು. ಯಾವುದೋ ಒಂದು ದಿನ ಬರಬಹುದಾದವನಿಗಾಗಿ ಇವರನ್ನೆಲ್ಲ ಹೆದರಿಸುವ ಹಕ್ಕು ನನಗಿಲ್ಲ. ಕಾಣುವ ಪಿಸ್ತೂಲನ್ನು ಹಿಂದಿನಿಂದ ಕಿತ್ತುಕೊಳ್ಳಲೂಬಹುದು. ಊರಿನ ಕೋವಿಯಿಂದ ನಾನು ತಂದುಕೊಂಡದ್ದು ಅಪ್ಪನ ಒಂದು ಕಟ್ಟುನಿಟ್ಟು ಮಾತ್ರ: ಖಾಲಿ ಕೋವಿಯಾದರೂ ನಳಿಗೆ ಮನುಷ್ಯರ ಕಡೆ ತಿರುಗಬಾರದು. ಉದ್ದದ ಕೋವಿಯಲ್ಲಿ ಅದನ್ನು ಪಾಲಿಸುವುದು ಸುಲಭ, ತಿರುಗಿದರೆ ಎಲ್ಲರಿಗೂ ಕಾಣುತ್ತದೆ. ಗೇಣುದ್ದವೂ ಇಲ್ಲದ ಪಿಸ್ತೂಲಿನಲ್ಲಿ ಮಣಿಕಟ್ಟು ಚೂರು ಹೊರಳಿದರೆ ನಳಿಗೆ ಪಕ್ಕದವರ ಹೊಟ್ಟೆಗೋ ಸ್ವಂತ ತೊಡೆಗೋ ಗುರಿಯಾಗುತ್ತದೆ. ರೇಂಜಿನಲ್ಲಿ ಇದನ್ನು ದಿನವೂ ಕಾಣಬಹುದು.

ಮನೆಯೊಳಗೆ ಬಂದ ಮೇಲೆ ಪಿಸ್ತೂಲು ಇರುವುದು ಎರಡೇ ಕಡೆ: ನನ್ನ ಮೈಮೇಲೆ, ಇಲ್ಲವೇ ಬೀಗ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿ. ಹದಿನೇಳರ ಒಳಗಿನ ಮಗುವಿಗೆ ತುಂಬಿದ ಬಂದೂಕು ಸಿಗುವಂತೆ ಬಿಡುವುದು ಟೆಕ್ಸಾಸಿನಲ್ಲಿ ಅಪರಾಧ. ಆ ಕಾನೂನು ಇರದಿದ್ದರೂ ಮಾಡಬೇಕಾದದ್ದೇ ಅದು. ಇನ್ನೊಂದು ವಿಷಯ ನಮ್ಮವರು ಬಾಯಿಬಿಟ್ಟು ಆಡುವುದಿಲ್ಲ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕೆಲಸ ಹೋಗಿ ಕುಗ್ಗಿದ ಗಂಡ, ಬಾಣಂತಿತನದ ಖಿನ್ನತೆಯಲ್ಲಿರುವ ಹೆಣ್ಣು, ಮಾತು ಬಿಟ್ಟ ಹದಿಹರೆಯದ ಮಗ, ಯಾರೇ ಇರಲಿ, ಆ ಹೊತ್ತಿನಲ್ಲಿ ಪಿಸ್ತೂಲು ಆ ಮನೆಯಲ್ಲಿ ಇರಕೂಡದು. ಕೊಂಡಿರದಿದ್ದರೆ ಕೊಳ್ಳಬೇಡಿ. ಕೊಂಡಿದ್ದರೆ ಹೊರಗೆ ಸಾಗಿಸಿ.

ಹೋದ ತಿಂಗಳು ಕನ್ನಡ ಸಂಘದ ಗೆಳತಿಯೊಬ್ಬಳು ಫೋನ್ ಮಾಡಿ, ಅಂಗಡಿಯವರು ತೋರಿಸಿದ ಐದು ಗುಂಡಿನ ರಿವಾಲ್ವರ್ ಬಹಳ ಮುದ್ದಾಗಿದೆ, ತಗೊಂಡು ಬಿಡಲಾ ಅಂತ ಕೇಳಿದಳು. ಅವಳು ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಕಾರಿನವರೆಗೆ ನಡೆಯುವವಳು. ಅವಳ ಭಯ ಪೊಳ್ಳಲ್ಲ. ಕೊಳ್ಳುವ ಮುಂಚೆ ಶನಿವಾರ ರೇಂಜಿಗೆ ಬಾ ಅಂದೆ, ಕೆಲಸಕ್ಕೆ ಹಾಕುವ ಬಟ್ಟೆಯಲ್ಲೇ ಬಾ, ಉಗುರು ಕತ್ತರಿಸಿಕೊಂಡು ಬಾ. ಅದೇ ರಿವಾಲ್ವರನ್ನೂ ಬಾಡಿಗೆಗೆ ತೆಗೆಸುತ್ತೇನೆ, ಪಕ್ಕದಲ್ಲಿ ಎಕ್ಸ್ಎಲ್, ಈಝಿ, ಗ್ಲಾಕ್ ಇಟ್ಟಿರುತ್ತೇನೆ. ನಾಲ್ಕರಲ್ಲೂ ಐದೈದು ಗುಂಡಿನ ಪರೀಕ್ಷೆ ಮಾಡಲಿ, ನಾಲ್ಕು ಹಲಗೆಗಳನ್ನೂ ಮನೆಗೆ ಒಯ್ದು ಒಂದು ವಾರ ಯೋಚಿಸಲಿ. ರಿವಾಲ್ವರಿನಲ್ಲೇ ಅವಳ ಐದನೆಯ ಗುಂಡು ವೃತ್ತದೊಳಗೆ ಬಿದ್ದರೆ, ಅದನ್ನೇ ಕೊಳ್ಳಲಿ.